ಗ್ವಾಡಿ ಆಚಿಗಿನ ನೆಟ್ಟು

ನಮ್ಮ ಮನಿ ನೆಟ್ಟಿನ, ಅಂದ್ರ ಇಂಟರ್‌ನೆಟ್ಟಿನ ಕತಿ ಇವತ್ತಿಗೆ ಮುಗೀತು ಅನ್ನಂಗಿಲ್ರಿ. ಒಂದು ಮರೀಬೇಕು ಅನ್ನೋದ್ರಾಗ ಇನ್ನೊಂದು ಆಗಿರ್ತೈತಿ. ಕೇಳಿದ ಮಂದಿ ನಗ್ತಾರ, ಈಗ ನಾನೂ ನಕ್ಕೊಂತನೇ ಹೇಳ್ತೀನಿ. ಆದ್ರ ಆವಾಗ ನನ್ನ ಹೊಟ್ಟಿ ಹೆಂಗ ಉರೀತಿತ್ತು ಅನ್ನೋದು ನನಗೊಬ್ಬಾಕಿಗೇ ಗೊತ್ತು.

ಮೊದ್ಲು ಮನಿ ಹೆಂಗೈತಿ ಅಂತ ಹೇಳಿಬಿಡ್ತೀನಿ. ಕೊಟ್ಟೂರಿನ್ಯಾಗ ನಮ್ದು ಒಂದೇ ಮನಿ, ಎರಡು ಬಾಗ್ಲು. ಅಣ್ಣ ತಮ್ಮ ಬ್ಯಾರೆ ಆದಾಗ ನಟ್ಟನಡುವ ಗ್ವಾಡಿ ಕಟ್ಟಿದ್ರು. ಈ ಕಡಿ ಹಿರೇ ಸೊಸಿ ನಾನು. ಆ ಕಡಿ ನನ್ನ ನೆಗೆಣ್ಣಿ, ಅಂದ್ರ ಮೈದುನನ ಹೆಂಡ್ತಿ. ನಮ್ಮತ್ತಿ ಒಂದು ತಿಂಗಳು ಈ ಕಡಿ, ಒಂದು ತಿಂಗಳು ಆ ಕಡಿ. ಇಬ್ರ ಮನಿಗೂ ನೆಟ್ಟು ಬಂದದ್ದು ಒಂದೇ ದಿನ. ಕಂಪನಿ ಒಂದೇ, ಕಂಬ ಒಂದೇ, ವೈರು ಎಳೆದಾತನೂ ಒಬ್ಬನೇ. ಆದ್ರ ಆಕಿ ನೆಟ್ಟಿನ ಡಬ್ಬಿಯೊಳಗ ಯಾವಾಗ್ಲೂ ಹಸ್ರು ದೀಪ, ನನ್ನ ಡಬ್ಬಿಯೊಳಗ ಕೆಂಪು.

ನನಗ ನೆಟ್ಟು ಯಾಕ ಬೇಕು ಅಂದ್ರ, ನಾನು ಮಧ್ಯಾಹ್ನ ಆರಿ ವರ್ಕ್ ಕಲಿಸ್ತೀನಿ. ಬ್ಲೌಸಿನ ಮ್ಯಾಲ ಜರಿ, ಮಣಿ ಕೂಡ್ಸೋ ಸೂಜಿ ಕೆಲಸ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡಿ ಹೆಣ್ಮಕ್ಕಳು ಅವರವರ ಮನ್ಯಾಗ ಮೊಬೈಲ್ ಮುಂದ ಕುಂತು ಕಲೀತಾರ. ಮದಿವಿಯಾಗಿ ಈ ಮನಿಗೆ ಬಂದ ಮ್ಯಾಲ ನಂದು ಅಂತ ಇರೋದು ಈ ಕ್ಲಾಸ್ ಒಂದೇ. ನೆಟ್ಟು ಹೋದ್ರ ಕ್ಲಾಸ್ ಹೋಗ್ತೈತಿ, ಕ್ಲಾಸ್ ಹೋದ್ರ ನಾನು ಮತ್ತ ಬರೇ ಹಿರೇ ಸೊಸಿ. ನೆಗೆಣ್ಣಿಗೆ ನೆಟ್ಟು ಯಾಕ ಬೇಕು? ಧಾರಾವಾಹಿ ನೋಡಾಕ! ಇದು ನ್ಯಾಯ ಏನ್ರಿ?

ಮ್ಯಾಲೆತ್ತಿದ ಸೂಜಿ

ಒಂದು ಮಧ್ಯಾಹ್ನ ಚೈನ್ ಹೊಲಿಗಿ ಕಲಿಸಕತ್ತಿದ್ದೆ. "ಸೂಜಿ ಹಿಂಗ ಮ್ಯಾಲ ಎತ್ರಿ" ಅಂತ ಕೈ ಎತ್ತಿ ತೋರಿಸ್ದೆ. ಅಷ್ಟ್ರಾಗ ನೆಟ್ಟು ಹೋತು. ನನಗೇನು ಗೊತ್ತು? ನಾನು ನನ್ನಷ್ಟಕ್ಕ ಒಂದು ಸಾಲು ಪೂರ್ತಿ ಹೊಲಿದು, "ಎಲ್ಲಾರಿಗೂ ತಿಳೀತಾ?" ಅಂದೆ. ಒಬ್ರದೂ ದನಿ ಇಲ್ಲ. ನೋಡಿದ್ರ ಕೆಂಪು ದೀಪ.

ಡಬ್ಬಿ ಆಫ್ ಮಾಡ್ದೆ, ಆನ್ ಮಾಡ್ದೆ, ಊದಿದೆ, ತಟ್ಟಿದೆ, ಕಡೀಕ ಕೈ ಮುಗಿದೆ. ಗ್ವಾಡಿ ಆಚಿಗೆ ಧಾರಾವಾಹಿಯೊಳಗಿನ ಅತ್ತಿ ಒಂದು ಕ್ಷಣಾನೂ ತಡವರಿಸ್ದಂಗ ಅಳಕತ್ತಿದ್ಲು. ಆಕಿ ಅಳೋದು ಕೇಳಿ ನನಗೂ ಅಳು ಬಂತು.

ಬಾಳ ಹೊತ್ತಿನ ಮ್ಯಾಲ ನೆಟ್ಟು ಬಂತು. ಎಲ್ಲಾರೂ ಎದ್ದು ಹೋಗಿದ್ರು. ಚಿಗಟೇರಿಯಾಕಿ ಒಬ್ಬಾಕಿ ಮಾತ್ರ ಸೂಜಿ ಹಿಡಿದ ಕೈ ಮ್ಯಾಲೆತ್ತಿಕೊಂಡು ಕುಂತಿದ್ಲು, ಹಣಿ ತುಂಬ ಬೆವರು.

"ಯಾಕವ್ವಾ, ಹಂಗ್ಯಾಕ ಕುಂತಿ?" ಅಂದೆ.

"ನೀವೂ ಕೈ ಎತ್ತಿಕೊಂಡೇ ಕುಂತಿದ್ರಲ್ರಿ ಮೇಡಂ. ಈಗ ಇಳಿಸ್ತೀರಿ, ಆಗ ಇಳಿಸ್ತೀರಿ ಅಂತ ನೋಡಕತ್ತಿದ್ದೆ. ಕೈ ಜೋಮು ಹಿಡೀತ್ರಿ. ಈ ಹೊಲಿಗಿ ನನಗ ಬ್ಯಾಡ್ರಿ, ಬಾಳ ಕಷ್ಟ ಐತಿ."

ಮಿರ್ಚಿ ಪೈಪೋಟಿ

ಕಂಪನಿಗೆ ಫೋನ್ ಮಾಡಿದ್ರ ನಮ್ಮ ವೈರು ಎಳೆದಾತನನ್ನೇ ಕಳಿಸಿದ್ರು. ಆತಗ ನಾವು ನೆಟ್ಟಿನಾತ ಅಂತೀವಿ. ಆತ ಹೊಸ್ತಿಲು ದಾಟೋದೇ ತಡ, ನನ್ನ ಡಬ್ಬಿಯೊಳಗ ಹಸ್ರು ದೀಪ ಬಂತು.

"ಚಲೋ ಐತಲ್ರಿ ಅಕ್ಕಾರ" ಅಂದು ಹೋದ. ಓಣಿ ತಿರುವು ದಾಟಿರ್ಲಿಲ್ಲ, ಕೆಂಪು. ಮತ್ತ ಕರೆದೆ. ಬಂದ, ಹಸ್ರು. ಹೋದ, ಕೆಂಪು.

"ನೀವಿದ್ರ ಇರ್ತೈತಿ, ನೀವು ಹೋದ್ರ ಹೋಗ್ತೈತಿ. ಏನು ಮಾಡೋದ್ರಿ?" ಅಂದೆ.

"ಹಂಗಾದ್ರ ನಾನು ಇಲ್ಲೇ ಇದ್ದುಬಿಡ್ಲೇನ್ರಿ?" ಅಂದ ಪಾಪ. ಒಳಗಿದ್ದ ನಮ್ಮ ಮನಿಯವರು ಜೋರಾಗಿ ಕೆಮ್ಮಿದ್ರು.

ಅವತ್ತು ಆತನ ಹಿಂದೇ ಹೊರಗ ಬಂದು ನೋಡ್ತೀನಿ, ಆತನ ಚಪ್ಪಲಿ ನೆಗೆಣ್ಣಿ ಬಾಗ್ಲ ಮುಂದ! ಹಣಿಕಿ ಹಾಕಿದೆ. ಕುರ್ಚಿ ಮ್ಯಾಲ ಕುಂತು ಮಂಡಕ್ಕಿ ಒಗ್ಗರಣಿ, ಮ್ಯಾಲ ಬಿಸಿ ಬಿಸಿ ಮಿರ್ಚಿ ಬಜಿ ತಿನ್ನಕತ್ತಿದ್ದ. ಎಲಾ ಇಕಿನ! ಆಕಿ ದೀಪ ಯಾಕ ಹಸ್ರಿರ್ತೈತಿ ಅನ್ನೋದು ಆವಾಗ ನನಗ ಹೊಳೀತು.

ಮರುದಿನ ನಾನೂ ಮೆಣಸಿನಕಾಯಿ ಆರಿಸಿ ತಂದು, ಓಂಕಾಳು ತುಂಬಿ, ಒಂದು ತಾಟು ಮಿರ್ಚಿ ಕರಿದು ಕರೆದೆ. ಹೊಟ್ಟಿ ತುಂಬ ತಿಂದ. ಅವತ್ತು ನೆಟ್ಟೂ ಚಲೋ ಇತ್ತು. ಅಲ್ಲಿಂದ ಆತ ಕರೀದಿದ್ರೂ ಬರಾಕ ಸುರು ಮಾಡಿದ.

"ನೆಟ್ಟು ಹೆಂಗೈತ್ರಿ ಅಕ್ಕಾರ?"

"ಇವತ್ತು ಚಲೋ ಐತ್ರಿ."

ಆತನ ಮಾರಿ ಸಣ್ಣದಾತು. "ಹೌದ್ರಿ? ಸ್ವಲ್ಪಾನೂ ಹೋಗಿಲ್ಲೇನ್ರಿ?"

ಪಾಪ ಅನಿಸಿ ಒಳಗ ಕರೆದು ತಾಟು ಕೊಟ್ಟೆ. ಆತ ತಿನ್ನೋವಾಗ ನನಗ ತಡಿಯಾಕ ಆಗ್ಲಿಲ್ಲ. "ಖರೇ ಹೇಳ್ರಿ, ಆ ಮನಿ ಮಿರ್ಚಿ ಚಲೋನೋ, ಈ ಮನೀದು ಚಲೋನೋ?" ಅಂತ ಕೇಳೇಬಿಟ್ಟೆ.

ಆತ ನಿಧಾನಕ್ಕ ನುಂಗಿ, ನೀರು ಕುಡಿದು ಅಂದ: "ಸುಳ್ಳು ಯಾಕ ಹೇಳ್ಲಿ ಅಕ್ಕಾರ. ನಿಮ್ಮ ನೆಟ್ಟು ಬೇಕಾದ್ರ ಸುಧಾರಿಸಬೋದು."

ರೀಲಿಗೆ ಸುತ್ತಿದ ವೈರು

ನೆಟ್ಟಿನಾತ ಹೆಚ್ಚಿನ ವೈರನ್ನ ದೊಡ್ಡ ಸುತ್ತು ಮಾಡಿ ಗ್ವಾಡಿಗೆ ನೇತುಹಾಕಿ ಹೋಗಿದ್ದ. ಸೂಜಿ ದಾರದ ಕೆಲಸ ಮಾಡೋ ಕಣ್ಣಿಗೆ ಅದು ಸರಿ ಕಾಣಂಗಿಲ್ಲ ನೋಡ್ರಿ. ಜರಿ ಮುಗಿದ ಒಂದು ಖಾಲಿ ರೀಲು ತಗೊಂಡು, ಆ ವೈರನ್ನ ಎಳಿಗೆ ಎಳಿ ಕೂಡ್ಸಿ, ಬಿಗಿಯಾಗಿ ಸುತ್ತಿ, ತುದಿಗೆ ಗಂಟು ಹಾಕಿಟ್ಟೆ. ನೋಡಾಕ ಅಂಗಡಿಯಿಂದ ತಂದಂಗಿತ್ತು. ಅವತ್ತು ಹೋದ ನೆಟ್ಟು ಬರಲೇ ಇಲ್ಲ.

ನೆಟ್ಟಿನಾತ ಬಂದವ್ನೇ ರೀಲು ನೋಡಿ ನಿಂತ. "ಇದನ್ನ ಸುತ್ತಿದ್ದು ಯಾರ್ರಿ?"

"ನಾನೇ. ಹೆಂಗೈತಿ?" ಅಂದೆ, ಬಾಳ ಹೆಮ್ಮಿಯಿಂದ.

ಆತ ತಲಿ ಮ್ಯಾಲ ಕೈ ಇಟ್ಕೊಂಡ. "ಅಕ್ಕಾರ, ಇದ್ರೊಳಗ ಗಾಜಿನ ಎಳಿ ಐತ್ರಿ, ಅದ್ರಾಗ ಬೆಳಕು ಓಡ್ತೈತಿ. ಹಿಂಗ ಬಿಗಿದು ಸುತ್ತಿದ್ರ ಬೆಳಕು ಎಲ್ಲಿ ಹೋಗ್ಬೇಕ್ರಿ? ಆ ಮನ್ಯಾಗ ನೋಡ್ರಿ, ವೈರು ಹೆಂಗಂದ್ರ ಹಂಗ ಬಿದ್ದೈತಿ. ನೆಟ್ಟು ಹೆಂಗ ಓಡ್ತೈತಿ!"

ನನಗ ಸಿಟ್ಟು ನೆತ್ತಿಗೇರ್ತು. ಅಚ್ಚುಕಟ್ಟು ಮಾಡಿದಾಕಿಗೆ ಕೆಂಪು ದೀಪ, ಮನಿ ಹರವಿಕೊಂಡು ಕುಂತಾಕಿಗೆ ಹಸ್ರು ದೀಪ! ಅದ್ರಾಗ ನಮ್ಮ ಮನಿಯವರು ಬ್ಯಾರೆ, ನೆಟ್ಟಿನಾತನ ಹೆಗಲ ಮ್ಯಾಲ ಕೈಯಿಟ್ಟು ಹೇಳಿದ್ರು: "ಇಕಿ ಕೈಯಾಗ ಸಿಕ್ಕಿದ್ದು ಯಾವ್ದೂ ಸಡ್ಲ ಇರಂಗಿಲ್ಲಪಾ. ವೈರು ಈಗ ನೀನು ಬಿಚ್ಚಿದಿ. ನನ್ನನ್ನ ಬಿಚ್ಚಾಕ ಯಾರ್ನ ಕರೀಲಿ?"

ಅತ್ತಿ ಪಾಳಿ

ಆ ತಿಂಗಳು ಅತ್ತಿ ನಮ್ಮ ಕಡಿ. ದಿನಾ ಮಧ್ಯಾಹ್ನ, ಸರಿಯಾಗಿ ನನ್ನ ಕ್ಲಾಸಿನ ಹೊತ್ತಿಗೆ ನೆಟ್ಟು ಹೋಗಾಕ ಸುರುವಾತು. ಬೆಳಿಗ್ಗಿ ಚಲೋ, ಸಂಜಿಗೆ ಚಲೋ, ಮಧ್ಯಾಹ್ನ ಇಲ್ಲ. ನಾನು ಒಳಗಿನ ಖೋಲ್ಯಾಗ ಬಾಗ್ಲು ಹಾಕ್ಕೊಂಡು ಕಲಿಸ್ತೀನಿ, ಡಬ್ಬಿ ಪಡಸಾಲ್ಯಾಗ ಐತಿ. ಒಂದಿನ ಕ್ಲಾಸಿನ ನಡುವ ಎದ್ದು ಬಂದೆ.

ಪಡಸಾಲ್ಯಾಗ ಅತ್ತಿ ಚಾಪಿ ಹಾಸ್ಕೊಂಡು ಮಲಗ್ಯಾಳ. ತಲಿ ಕಡಿ ಸ್ಟೂಲ್ ಮ್ಯಾಲ ಡಬ್ಬಿ ಇಲ್ಲ! ಡಬ್ಬಿ ಇರೋ ಜಾಗಾದಾಗ ನಮ್ಮ ದೊಡ್ಡ ಹಿತ್ತಾಳಿ ಪಾತೇಲಿ ಬೋರಲು ಬಿದ್ದೈತಿ. ಎತ್ತಿ ನೋಡಿದ್ರ ಒಳಗ ಡಬ್ಬಿ ಕೆಂಡದಂಗ ಬಿಸಿಯಾಗಿ ಕುಂತೈತಿ.

"ಅತ್ತಿ, ಇದನ್ನ್ಯಾಕ ಮುಚ್ಚೀರಿ?"

"ಮಿಣಿಮಿಣಿ ಅಂತ ಕಣ್ಣಾಗ ಕುಕ್ಕತೈತಲ್ಲಬೇ! ನಿದ್ದಿ ಹೆಂಗ ಬರ್ಬೇಕು?"

"ಹಂಗಾದ್ರ ಆ ಮನ್ಯಾಗ ಇದ್ದಾಗ ಏನ್ ಮಾಡ್ತೀರಿ? ಅಲ್ಲಿ ಮುಚ್ಚಂಗಿಲ್ಲೇನು?"

ಅತ್ತಿ ಮಗ್ಗಲಾ ಬದಲಿಸಿ, ಕಣ್ಣು ಮುಚ್ಚಿಕೊಂಡೇ ಹೇಳಿದ್ಲು: "ಅಲ್ಲಿ ಯಾಕ ಮುಚ್ಲಿ? ಸಣ್ಣಾಕಿ ನಾ ಬರ್ತೀನಿ ಅಂದ ಕೂಡ್ಲೇ ಡಬ್ಬೀನ ಬ್ಯಾರೆ ಖೋಲಿಗೆ ಒಯ್ತಾಳ. ಆಕಿ ಶಾಣ್ಯಾಕಿ."

ಮಾಳಿಗಿ ಮ್ಯಾಲಿನ ಮಂಗ್ಯಾ

ಇಷ್ಟೆಲ್ಲ ಆಗೋದ್ರಾಗ ನನ್ನ ಕ್ಲಾಸಿನ್ಯಾಗ ಬೆರಳೆಣಿಕಿ ಮಂದಿ ಉಳಿದ್ರು. "ಮೇಡಂ, ನೀವು ಚಲೋ ಕಲಿಸ್ತೀರಿ, ಆದ್ರ ಕಾಣಂಗಿಲ್ಲ" ಅಂತ ಒಬ್ಬೊಬ್ರೇ ಬಿಟ್ಟು ಹೋದ್ರು. ಇನ್ನೇನು ಮುಚ್ಚಬೇಕು ಅನ್ನೋವಾಗ ಕೂಡ್ಲಿಗಿ ಕಡಿ ಒಂದು ಮಹಿಳಾ ಸಂಘದವರ ಫೋನ್ ಬಂತು. ಒಂದು ದಿನ ಕ್ಲಾಸ್ ನೋಡ್ತೀವಿ, ಮನಸಿಗೆ ಬಂದ್ರ ಸಂಘದವರೆಲ್ಲ ಸೇರ್ತೀವಿ ಅಂದ್ರು. ಬಂದ್ರ ಕ್ಲಾಸ್ ಉಳೀತೈತಿ, ಇಲ್ಲಂದ್ರ ಅವತ್ತಿಗೇ ಮುಗೀತು.

ನನಗ ಒಂದೇ ಧೈರ್ಯ. ಉಳಿದವರೊಳಗ ತಂಬ್ರಹಳ್ಳಿಯಾಕಿ ಒಬ್ಬಾಕಿ ಬಾಳ ಹುಷಾರಿದ್ಲು. ಮಾರಿ ತೋರಿಸ್ತಿರ್ಲಿಲ್ಲ, ಮಾತೂ ಆಡ್ತಿರ್ಲಿಲ್ಲ, ಏನಿದ್ರೂ ಬರದು ಕಳಿಸ್ತಿದ್ಲು. ಮೊಬೈಲ್‌ನ್ಯಾಗ ಬರೇ ಕೈ, ಬಟ್ಟಿ, ಸೂಜಿ. ಆದ್ರ ಏನು ಕೈಯವ್ವಾ ಅದು! ಆಕಿ ನೆಟ್ಟು ಒಂದಿನಾನೂ ಹೋಗಿದ್ದಿಲ್ಲ. "ನನಗ ಇಂಥಾ ನೆಗೆಣ್ಣಿ ಸಿಕ್ಕಿದ್ರ ನನ್ನ ಬಾಳೇವು ಹೆಂಗಿರ್ತಿತ್ತು!" ಅಂತ ಮನಿಯವರ ಮುಂದ ಎಷ್ಟೋ ಸಲ ಅಂದಿದ್ದೆ. ಸಂಘದವರಿಗೆ ತೋರ್ಸಾಕ ಆಕಿಗೇ ಒಂದು ಬ್ಲೌಸಿನ ತೋಳು ಹಾಕಿ ಇಟ್ಕೊಳ್ಳಾಕ ಹೇಳಿದ್ದೆ.

ಆ ದಿನ ಕ್ಲಾಸ್ ಸುರು ಮಾಡಿದೆ. ಸಂಘದವರೆಲ್ಲ ಒಂದೇ ಕಡಿ ಕುಂತು ನೋಡಕತ್ತಿದ್ರು. ನಾನು ಬಾಯಿ ತಗಿಯೋದ್ರಾಗ ಕೆಂಪು. ಮತ್ತ ಹಸ್ರು. ಮತ್ತ ಕೆಂಪು. ಗ್ವಾಡಿ ಆಚಿಗೆ ಧಾರಾವಾಹಿಯೊಳಗ ಯಾರ್ದೋ ಮದಿವಿ, ವಾಲಗ ಹಿಡಿದು ಎಲ್ಲಾ ಸ್ಪಷ್ಟ ಕೇಳಕತ್ತಿತ್ತು.

ನನ್ನ ತಾಳ್ಮಿ ಅಲ್ಲಿಗೆ ಮುಗೀತು. ಒಂದೇ ಕಂಬದ ನೆಟ್ಟು, ಎಲ್ಲಾ ಇಕಿನೇ ಎಳ್ಕೊಂಡು ಕುಡೀತಾಳ ಅನಿಸ್ತು. "ಒಂದು ನಿಮಿಷ ಇರ್ರಿ" ಅಂದವಳೇ ಸೆರಗು ಸಿಗಿಸ್ಕೊಂಡು ಮಾಳಿಗಿ ಹತ್ತಿದೆ. ಅಲ್ಲಿ ಒಂದು ಸಣ್ಣ ಪೆಟ್ಟಿಗಿಯೊಳಗ ಎರಡೂ ಮನಿ ವೈರು. ಆಕೀದು ಯಾವ್ದು ಅಂತ ನನಗ ಗೊತ್ತಿತ್ತು. ಕ್ಲಿಪ್ ಒತ್ತಿ ಬಿಚ್ಚೇಬಿಟ್ಟೆ. ಬಿಚ್ಚಿದ ತುದಿಗೆ ಧೂಳು ಬೀಳ್ತೈತಲ್ಲ ಅಂತ ಕೈ ಕೇಳ್ಲಿಲ್ಲ. ಸೊಂಟದಾಗ ಸಿಗಿಸಿದ್ದ ರೇಷ್ಮಿ ಬಟ್ಟಿ ತುಂಡು ಸುತ್ತಿ, ಜರಿ ದಾರದಿಂದ ಕಟ್ಟಿ ಇಟ್ಟೆ. ಕೆಳಗ ವಾಲಗ ಗಕ್ಕನ ನಿಂತಿತು. ಆ ಮೌನ ಎಷ್ಟು ಚಂದ ಇತ್ತು ಅಂತೀರಿ!

ಇಳಿದು ಬಂದೆ. ನನ್ನ ಪುಣ್ಯಾಕ್ಕ ಹಸ್ರು ದೀಪ ಗಟ್ಟಿ ನಿಂತಿತ್ತು. "ಈಗ ನಮ್ಮ ತಂಬ್ರಹಳ್ಳಿ ಅಕ್ಕಾರು ತಾವು ಮಾಡಿದ್ದು ತೋರಿಸ್ತಾರ" ಅಂದೆ. ತಂಬ್ರಹಳ್ಳಿ ಅಕ್ಕಾರು ಇಲ್ಲ! ಹೆಸರೇ ಮಾಯ.

"ಎಲ್ಲ್ಯಾರ್ರಿ ಮೇಡಂ?" ಅಂದ್ರು ಸಂಘದ ಹಿರೇಕಿ.

"ಬರ್ತಾರ್ರಿ, ಬರ್ತಾರ" ಅಂದೆ.

ಅಷ್ಟ್ರಾಗ ಬಾಗ್ಲು ಬಡಿದ ಸಪ್ಪಳ. ತಗದ್ರ ನೆಗೆಣ್ಣಿ. ಕೈಯಾಗ ಕಟ್ಟಿಗಿ ಫ್ರೇಮು, ಅದ್ರ ಮ್ಯಾಲ ನಾನು ಹೇಳಿದ್ದ ತೋಳು, ಮಾವಿನಕಾಯಿ ಬುಟ್ಟಾ, ಅಂಚಿಗೆ ಮಣಿ.

"ಅಕ್ಕಾ, ಈಗಿಂದೀಗ ನಮ್ಮ ನೆಟ್ಟು ಹೋತು" ಅಂದ್ಲು, ಏದುಸಿರು ಬಿಟ್ಕೊಂತ. "ತಂಬ್ರಹಳ್ಳ್ಯಾಗಿನ ನಮ್ಮಕ್ಕನ ಹೆಸ್ರಿಲೆ ಸೇರಿದ್ದೆ. ನಾನು ಅಂತ ಗೊತ್ತಾದ್ರ ನೀವು ಕಲಿಸ್ತಿದ್ದಿಲ್ಲಲ್ಲ. ನಿಮ್ಮ ಪಾಠ ನನ್ನ ಮೊಬೈಲ್‌ನ್ಯಾಗಿಂದ ನಿಮಗೇ ಕೇಳ್ಬಾರ್ದು ಅಂತ ಟಿವಿ ಜೋರು ಇಡ್ತಿದ್ದೆ. ಬೈಯೋದು ಆಮ್ಯಾಲ ಬೈರಿ, ಮೊದ್ಲು ತೋರಿಸ್ತೀನಿ."

ನಾನು ಬಾಗ್ಲ ಬಿಟ್ಟು ಸರಿದೆ. ಆಕಿ ನನ್ನ ಮಗ್ಗಲಾಗ ಕುಂತು ತೋಳು ತೋರಿಸಿದ್ಲು. ಸಂಘದವರು ಯವ್ವಾ ಅಂತ ಬಾಯಿ ಮ್ಯಾಲ ಕೈ ಇಟ್ಕೊಂಡ್ರು. ಅಲ್ಲೇ ಎಲ್ಲಾರೂ ಸೇರ್ತೀವಿ ಅಂದ್ರು. ನನ್ನ ಕಣ್ಣಾಗ ನೀರು ಬಂತು. ಕಡೀಕ ಸಂಘದ ಹಿರೇಕಿ, "ಮೇಡಂ, ನಿಮ್ಮ ಕೆಲಸಾನೂ ಚಲೋ ಐತ್ರಿ" ಅಂದ್ರು. ಆ "ನೂ" ಕೇಳಿ ಮತ್ತ ಹೊಟ್ಟಿ ಉರೀತು, ಅದು ಬ್ಯಾರೆ ಮಾತು.

ಕ್ಲಾಸ್ ಮುಗಿದ ಕೂಡ್ಲೇ ಮಾಳಿಗಿ ಹತ್ತಿ ವೈರು ಕೂಡ್ಸಿಬಿಡಬೇಕು ಅಂತ ಎದ್ದೆ. ಅಷ್ಟ್ರಾಗ ನೆಟ್ಟಿನಾತ ಮ್ಯಾಲಿಂದ ಇಳಿದು ಬಂದ. ಮೈದುನ ಆಗ್ಲೇ ಫೋನ್ ಮಾಡಿದ್ದನಂತ.

"ಈ ಮಂಗ್ಯಾಗಳ ಕಾಟ ಬಾಳ ಆಗೈತಿ ನೋಡ್ರಿ" ಅಂದೆ, ಆತ ಬಾಯಿ ತಗಿಯೋದ್ರೊಳಗ.

"ಮಂಗ್ಯಾ ಅಲ್ರಿ ಅಕ್ಕಾರ" ಅಂದ ಆತ. "ಮಂಗ್ಯಾ ಎಳೆದ್ರ ವೈರು ಹರೀತೈತಿ. ಇದು ಕ್ಲಿಪ್ ಒತ್ತಿ ಬಿಚ್ಚೈತಿ, ಧೂಳು ಕುಂದರ್ಬಾರ್ದು ಅಂತ ರೇಷ್ಮಿ ಬಟ್ಟಿ ಸುತ್ತೈತಿ, ಮ್ಯಾಲ ಜರಿ ದಾರ ಕಟ್ಟೈತಿ. ನೋಡ್ರಿ ಗಂಟು ಹೆಂಗೈತಿ!"

ನೆಗೆಣ್ಣಿ ಆ ಬಟ್ಟಿ ತುಂಡನ್ನ ಆತನ ಕೈಯಿಂದ ಇಸ್ಕೊಂಡ್ಲು. ಗಂಟನ್ನ ಆ ಕಡಿ ಈ ಕಡಿ ತಿರುವಿ ನೋಡಿದ್ಲು. ನನ್ನ ಮಾರಿ ನೋಡಿದ್ಲು. ನಾನು ನೆಲ ನೋಡಿದೆ.

"ಇಲ್ರಿ, ಇದು ಮಂಗ್ಯಾಂದೇ" ಅಂದ್ಲು, ಒಂಚೂರೂ ನಗ್ದಂಗ. "ನಾನೂ ಅದ್ರ ಕಡೇನೇ ಕಲ್ತೀನಿ."