ಎಂಬತ್ತೆರಡು ಕಿಲೋದ ಗಾಳಿ

ಲೆಕ್ಕದ ಮೇಷ್ಟ್ರಿಗೆ ಆರು ತಿಂಗಳಿಂದ ಊಟ ಸೇರುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದು ಹೆಂಡತಿ ಗೋಗರೆದರೆ, "ಮೈ ಬಗ್ಗಿಸದೆ ಹಸಿವು ಎಲ್ಲಿಂದ ಬರತ್ತೆ?" ಎಂದು ಬೆಟ್ಟ ಹತ್ತುವ ಸೈಕಲ್ಲೊಂದನ್ನು ತಂದು ನಿಲ್ಲಿಸಿದರು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೊಳವೆಯೊಳಗೆ ಗಾಳಿ ಇದೆ, ಹಳ್ಳದಿಣ್ಣೆಯಲ್ಲೂ ತೊಟ್ಟಿಲು ತೂಗಿದಂತೆ ಸಾಗುತ್ತದೆ ಎಂದಿದ್ದ ಅಂಗಡಿಯವನು. ಸಾಗಿದ್ದೇನೋ ನಿಜ. ಒಂದೊಂದು ಕಲ್ಲಿಗೂ ಮೊಣಕೈಯಿಂದ ದವಡೆಯವರೆಗೆ ಏಟು ಬಿತ್ತು. (ಉಳಿದಿದ್ದ ಹಲ್ಲುಗಳು ಒಕ್ಕೊರಲಿನಿಂದ ವಿರೋಧ ಸೂಚಿಸಿದವು.)

ಭಾನುವಾರ ಬೆಳಿಗ್ಗೆ ನಡುಮನೆಯಲ್ಲೇ ಫೋರ್ಕಿನ ವಿಚಾರಣೆ ಶುರುವಾಯಿತು. ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಡುವ ಹೆಂಡತಿ ಅಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ರೀ, ಅದನ್ನ ಹೊರಗಿಟ್ಕೋಬಾರ್ದಾ? ಗಿರಾಕಿ ಬಟ್ಟೆಗೆ ಎಣ್ಣೆ ತಾಗತ್ತೆ."

"ಸುಮ್ನಿರೇ. ಇಲ್ಲೇ ಪಟ್ಟಿ ಅಂಟಿಸಿದಾರೆ ನೋಡು, ಇಷ್ಟು ತೂಕಕ್ಕೆ ಇಷ್ಟು ಗಾಳಿ ಅಂತ. ನನ್ನ ತೂಕ ಎಂಬತ್ತೆರಡು, ಗಾಳಿನೂ ಅಷ್ಟಕ್ಕೇ ತುಂಬಿದೆ. ಲೆಕ್ಕ ಸರಿ, ಫೋರ್ಕು ತಪ್ಪು!"

"ಎಂಬತ್ತೆರಡು ಅಂತ ಯಾವಾಗ ತೂಗಿಸಿದ್ದು?"

"ಹೋದ ವರ್ಷ. ತೂಕ ಏನು ಕ್ಯಾಲೆಂಡರಾ, ವರ್ಷ ವರ್ಷ ಬದಲಾಯಿಸೋಕೆ?"

ಮೇಷ್ಟ್ರು ಗೋಡೆ ಹಿಡಿದು ಸೈಕಲ್ ಏರಿದರು. ಫೋರ್ಕಿನ ಕೊಳವೆಯ ಮೇಲೆ ರಬ್ಬರಿನ ಸಣ್ಣ ಬಳೆ ಇರುತ್ತದೆ. ಸವಾರನ ಭಾರಕ್ಕೆ ಫೋರ್ಕು ಎಷ್ಟು ತಗ್ಗಿತೆಂದು ಅದು ಸರಿದು ತೋರಿಸಬೇಕು. ಗುರುತಿನವರೆಗೆ ಹೋಗಬೇಕಿದ್ದ ಬಳೆ ಅರ್ಧಕ್ಕೇ ನಿಂತಿತು.

"ನಾನು ಕೂತಿದ್ದು ಇದಕ್ಕೆ ಲೆಕ್ಕಕ್ಕೇ ಇಲ್ಲ! ನಾಳೆನೇ ವಾಪಸ್."

ಹೆಂಡತಿ ತಲೆಯೆತ್ತದೆ ಹೇಳಿದಳು. "ಗಾಳಿನ ಅರವತ್ತೆರಡು ಕಿಲೋದ ಲೆಕ್ಕಕ್ಕೆ ಇಳಿಸಿ ನೋಡಿ."

ಅವಳ ದಡ್ಡತನವನ್ನು ಸಾಬೀತು ಮಾಡಲೆಂದೇ ಮೇಷ್ಟ್ರು ಗಾಳಿ ಬಿಟ್ಟರು. ಪಂಪಿನ ಮುಳ್ಳು ಪಟ್ಟಿಯಲ್ಲಿ ಆ ತೂಕಕ್ಕೆ ಬರೆದಷ್ಟಕ್ಕೆ ಇಳಿದ ಮೇಲೆ ಮತ್ತೆ ಕೂತರು. ಫೋರ್ಕು ಮೆತ್ತಗೆ ತಗ್ಗಿ, ಬಳೆ ಗುರುತಿಗೆ ಸರಿಯಾಗಿ ಬಂದು ನಿಂತಿತು. "ಬೆಣ್ಣೆ ಕಣೇ, ಬೆಣ್ಣೆ!" ಎಂದು ಕೂಗಿದವರು ಅಲ್ಲೇ ನಿಲ್ಲಿಸಿದರು. ಎಂಬತ್ತೆರಡರಲ್ಲಿ ಅರವತ್ತೆರಡು ಕಳೆದರೆ ಇಪ್ಪತ್ತು. ಅವರಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಕೊನೆಯ ಸಾಕ್ಷಿಯೊಂದನ್ನು ಮುಂದಿಟ್ಟರು.

"ಸುಳ್ಳು. ಅಷ್ಟು ಇಳಿದಿದ್ರೆ ಪ್ಯಾಂಟು ಸಡಿಲ ಆಗ್ಬೇಕಿತ್ತಲ್ಲ?"

ಯಂತ್ರ ನಿಂತಿತು.

"ಹೇಗಾಗತ್ತೆ ರೀ? ನೀವು ಸ್ಕೂಲಿಗೆ ಹೋದ್ಮೇಲೆ ಒಂದೊಂದೇ ಪ್ಯಾಂಟಿನ ಹೊಲಿಗೆ ಬಿಚ್ಚಿ ಸೊಂಟ ಹಿಡೀತಾ ಬಂದೆ. ಹಿಡಿದ ಇಂಚಿನಲ್ಲೇ ನಿಮ್ಮ ತೂಕ ಅಂದಾಜು ಮಾಡ್ತಿದ್ದೆ. ಸಡಿಲ ಆದ್ರೆ ನೀವು ಹೆದರ್ತೀರಿ ಅಂತ. ನೀವು ಹೆದರಿದ್ರೆ ನಾನು ಏನ್ಮಾಡ್ಲಿ ಅಂತ." ಅವಳು ಅವರ ಸೊಂಟದತ್ತ ಬೆರಳು ತೋರಿಸಿದಳು. "ಇನ್ನು ಹಿಡಿಯೋಕೆ ಜಾಗ ಇಲ್ಲ ರೀ. ಹಿಂದಿನ ಎರಡು ಜೇಬೂ ಒಂದಕ್ಕೊಂದು ಅಂಟ್ಕೊಂಡ್ಬಿಟ್ಟಿವೆ."

ಮೇಷ್ಟ್ರು ಕೈಯನ್ನು ಹಿಂದಕ್ಕೆ ಒಯ್ದು ತಡವಿದರು. ಹೌದು, ಎರಡು ಜೇಬುಗಳ ನಡುವೆ ಬೆರಳು ತೂರಿಸಲೂ ಜಾಗವಿರಲಿಲ್ಲ. ಅವರು ಸೈಕಲ್ಲಿನಿಂದ ನಿಧಾನವಾಗಿ ಇಳಿದು ಅವಳ ಪಕ್ಕದಲ್ಲಿ, ಬಟ್ಟೆ ಚೂರುಗಳ ಮೇಲೆಯೇ ಕೂತರು.

"ನಾಳೆ ಡಾಕ್ಟರ ಹತ್ರ ಹೋಗೋಣ," ಎಂದರು. "ನನ್ನ ತೂಕ ಎಷ್ಟು ಅಂತ ಕೇಳಿದ್ರೆ ನೀನೇ ಹೇಳು. ನಾನು ಹೇಳಿದ್ರೆ ತಪ್ಪಾಗತ್ತೆ."