ಸಿದ್ದಮಲ್ಲಪ್ಪನವರ ಸಜೆ

ಕೈಯಲ್ಲೊಂದು ನೀಲಿ ಫೈಲು ಹಿಡಿದ ಹುಡುಗಿ ನಂಜನಗೂಡು ಬಸ್ಸಿನಿಂದ ಹುಲ್ಲಹಳ್ಳಿಯಲ್ಲಿ ಇಳಿದು, "ಸಿದ್ದಮಲ್ಲಪ್ಪನವರ ಮೊಮ್ಮಗನ ಮನೆ ಯಾವುದು?" ಎಂದು ಕೇಳಿದ್ದೇ ಕೇಡಾಯಿತು. ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯುತ್ತಿದ್ದ ಪುಟ್ಟಬಸವಯ್ಯನ ಕೈ ಹಾಗೇ ನಿಂತಿತು. ಅಂದು ಆಗಸ್ಟ್ ಹದಿನಾಲ್ಕು.

ಊರ ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಬಾವುಟ ಹಾರಿಸುವ ಹಗ್ಗ ಇಪ್ಪತ್ತೆರಡು ವರ್ಷಗಳಿಂದ ಅವನದು. ತಾತ ಚಳವಳಿಯಲ್ಲಿ ಜೈಲಿಗೆ ಹೋದವರು ಎಂಬ ಕಾರಣಕ್ಕೆ ಸಿಕ್ಕ ಹಗ್ಗ. ವರ್ಷವೆಲ್ಲ 'ಹಿಟ್ಟಿನ ಬಸಯ್ಯ' ಎನಿಸಿಕೊಂಡವನು ಆ ಒಂದು ಬೆಳಿಗ್ಗೆ 'ಬಸವಯ್ಯನವರು' ಆಗುತ್ತಿದ್ದ. ಆದರೆ ಅವನ ಮನೆಯ ಟ್ರಂಕಿನ ತಳದಲ್ಲಿ ಹಳದಿ ತಿರುಗಿದ ಒಂದು ಕಾಗದವಿತ್ತು. 'ಸಿದ್ದಮಲ್ಲಪ್ಪ, ಸರ್ಕಾರಿ ಸ್ವತ್ತು ಕಳವು, ಎರಡು ತಿಂಗಳು ಸಜೆ.' ತಾತ ಜೈಲಿಗೆ ಹೋದದ್ದು ನಿಜ, ಹೋದದ್ದು ಕದ್ದು. ಇದು ತಿಳಿದದ್ದು ಅವನಿಗೆ ಮತ್ತು ಹೆಂಡತಿ ರುದ್ರಾಣಿಗೆ ಮಾತ್ರ. ಆ ಕಾಗದ ಕಣ್ಣಿಗೆ ಬಿದ್ದಂದಿನಿಂದ ಮಠದಲ್ಲಿ ಶರಣರ ಮಾತು ಓದುವಾಗ ಕಳವಿನ ಪ್ರಸ್ತಾಪ ಬಂತೆಂದರೆ ಸಾಕು, ಅವನಿಗೆ ಕೆಮ್ಮು ಬರುತ್ತಿತ್ತು.

ಎದುರಿನ ಸೈಕಲ್ ಶಾಪಿನ ಚಿಕ್ಕಮಾದು ಆ ಹುಡುಗಿಗೆ ಗಿರಣಿಯತ್ತ ಬೆರಳು ತೋರಿಸಿ ನಗುತ್ತಿದ್ದ. ಹೋದ ವರ್ಷ ಹಗ್ಗದ ಗಂಟು ಬಿಚ್ಚದೆ ಪುಟ್ಟಬಸವಯ್ಯ ಒದ್ದಾಡಿದಾಗ ಮೊದಲು ನಕ್ಕವನೂ ಇವನೇ.

ಹುಡುಗಿ ಪಕ್ಕದ ಮನೆಯವರನ್ನು ಕೇಳಲು ಅತ್ತ ತಿರುಗಿದಾಗ ಪುಟ್ಟಬಸವಯ್ಯ ಚಿಕ್ಕಮಾದುವನ್ನು ಸನ್ನೆ ಮಾಡಿ ಕರೆದು ಪಿಸುಗುಟ್ಟಿದ. "ಏನ್ಲಾ ಅದು?"

"ನಿಮ್ ತಾತನ್ ಕೇಸಿನ್ ವಿಚಾರವಂತೆ ಕಣಯ್ಯ. ಕಾಲೇಜ್ ಉಡ್ಗಿ, ಧನುಶ್ರೀ ಅಂತ. ಅಳೇ ರೆಕಾರ್ಡ್ ತಂದವ್ಳೆ."

ಕೇಸು ಎಂಬ ಮಾತು ಕೇಳಿದ್ದೇ ಪುಟ್ಟಬಸವಯ್ಯ ಗಿರಣಿಯೊಳಕ್ಕೆ ಸರಿದು ಲೆಕ್ಕ ಹಾಕಿದ. ಈ ಚಿಕ್ಕಮಾದುವೇ ಇವಳನ್ನು ಕರೆಸಿದ್ದಾನೆ, ಅನುಮಾನವೇ ಇಲ್ಲ. ನಾಳೆ ಮಕ್ಕಳ ಮುಂದೆ ಕಾಗದ ಓದಿಸುತ್ತಾನೆ.

ಅಷ್ಟರಲ್ಲಿ ಧನುಶ್ರೀ ಗಿರಣಿಯ ಬಾಗಿಲಿಗೇ ಬಂದಳು. ಮೈಯೆಲ್ಲ ಹಿಟ್ಟು ಬಳಿದುಕೊಂಡು ಮೂಗಿನ ತುದಿ ಮಾತ್ರ ಮನುಷ್ಯನಂತಿದ್ದ ಪುಟ್ಟಬಸವಯ್ಯ ತಲೆ ತಗ್ಗಿಸಿದ.

"ಪುಟ್ಟಬಸವಯ್ಯನವರು ಇದ್ದಾರಾ ಸಾರ್?"

"ಅವ್ರು ದೇವನೂರ್ಗೆ ಓಗವ್ರೆ. ನಾನು ಕೂಲಿಯವ್ನು."

ರಾಗಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಎಲೆ ಅಡಿಕೆ ಉಗಿದು, "ಇದ್ಯಾಕ್ ಪುಟ್ಬಸಯ್ಯ, ನಿನ್ ಗಿರಣೀಲಿ ನೀನೇ ಕೂಲಿಗೆ ಸೇರ್ಕಂಡಿದ್ದೀಯೆ," ಎಂದಳು.

ಅವನು ಹಿಂಬಾಗಿಲಿನಿಂದ ಜಾರಿದ. ಮನೆಗೆ ಹೋದರೆ ರುದ್ರಾಣಿ, "ಕಾಲೇಜ್ ಉಡ್ಗಿ ಬಂದವ್ಳೆ ಅಂತ ಪಕ್ಕದ್ ಮನೇರು ಯೋಳುದ್ರು. ಕಾಫಿಗೆ ಇಟ್ಟಿವ್ನಿ, ಕರ್ಕಂಡ್ ಬನ್ನಿ," ಎಂದಳು. ಅಲ್ಲಿಂದಲೂ ಓಡಿದ. ನಾಲೆಯ ಏರಿಯ ಮೇಲೆ ಬಿಳಿ ದೆವ್ವದಂತೆ ಕೂತು ಯೋಚಿಸಿದ. ಚಿಕ್ಕಮಾದು ಬಯಲು ಮಾಡಿದರೆ ತಾನು ಮೋಸಗಾರ. ತಾನೇ ಮೊದಲು ಹೇಳಿಬಿಟ್ಟರೆ ಸತ್ಯವಂತ. ಸತ್ಯವಂತನ ಕೈಯಿಂದ ಹಗ್ಗ ಯಾರು ಕಿತ್ತುಕೊಂಡಾರು? ನಂಜುಂಡೇಶ್ವರನಿಗೆ ಕೈಮುಗಿದು ಎದ್ದ.

ಶಾಲೆಯಲ್ಲಿ ಮೇಷ್ಟ್ರು ಶಿವರಾಜು ನಾಳಿನ ಹಬ್ಬದ ಸಭೆ ನಡೆಸುತ್ತಿದ್ದರು. ಹತ್ತು ಜನರ ಮುಂದೆ ಪುಟ್ಟಬಸವಯ್ಯ ನಿಂತು, "ನಮ್ ತಾತ ಓರಾಟಗಾರ ಅಲ್ಲ ಸಾ. ಕಳ್ಳ," ಎಂದ.



"ಯಾರಾದ್ರೂ ಕುಡಿಸಿದ್ರೇನೋ?" ಎಂದರು ಮೇಷ್ಟ್ರು.

"ಇಲ್ಲ ಸಾ. ಬೇಕಾದ್ರೆ ಬರ್ದುಕೊಡ್ತೀನಿ."

ಮೇಷ್ಟ್ರು ಕಾಗದದ ಪ್ರೀತಿಯವರು. ಬರೆಸಿಕೊಂಡರು, ಸಹಿ ಹಾಕಿಸಿದರು, ಸಭೆಯ ಪುಸ್ತಕಕ್ಕೆ ಅಂಟಿಸಿ ಮೊಹರನ್ನೂ ಒತ್ತಿದರು. ಪುಟ್ಟಬಸವಯ್ಯ ಹೊಗಳಿಕೆಗಾಗಿ ಕಾದು ನಿಂತ.

ಹೊಗಳಿಕೆಯ ಬದಲು ಧನುಶ್ರೀ ಬಂದಳು. ದಾರಿ ತೋರಿಸಲು ಚಿಕ್ಕಮಾದು ಜೊತೆಗಿದ್ದ.

"ನಿಮ್ಮನ್ನೇ ಹುಡುಕ್ತಿದ್ದೆ ಸಾರ್," ಎಂದು ಅವಳು ಫೈಲು ಬಿಚ್ಚಿದಳು. "ಮೂವತ್ತೊಂಬತ್ತನೇ ಇಸವಿ ಕೇಸು. ಹೆಂಡದ ತೆರಿಗೆಯಿಂದ ಸರ್ಕಾರಕ್ಕೆ ಬರೋ ಆದಾಯ ನಿಲ್ಲಿಸಬೇಕು ಅಂತ ಚಳವಳಿಯವರು ಈಚಲು ಮರ ಕಡೀತಿದ್ರು. ನಿಮ್ಮ ತಾತ ಒಂದೇ ರಾತ್ರಿ ನಲವತ್ತು ಮರ ಕಡಿದಿದ್ದಾರೆ. ಮರ ಸರ್ಕಾರದ್ದು ನೋಡಿ, ದೇಶಭಕ್ತಿ ಅಂತ ಬರೆಯೋಕಾಗುತ್ತಾ? ಕಳವು ಅಂತ ಕೇಸು ಜಡಿದ್ರು. ಇದು ತೀರ್ಪಿನ ನಕಲು. ನಾಳೆ ವೇದಿಕೆ ಮೇಲೆ ನಿಮಗೆ ಕೊಡೋಣ ಅಂತ ಬಂದೆ."

ಪುಟ್ಟಬಸವಯ್ಯ ಸಭೆಯ ಪುಸ್ತಕಕ್ಕೆ ಕೈ ಹಾಕಿದ. ಮೇಷ್ಟ್ರು ಅದನ್ನು ಕಂಕುಳಿಗೆ ಸೇರಿಸಿಕೊಂಡರು.

"ಮೊಹರು ಬಿದ್ದದೆ ಬಸಯ್ಯ. ಹರಿಯಂಗಿಲ್ಲ. ತಾತನ್ನ ಕಳ್ಳ ಅಂತ ಬರ್ದುಕೊಟ್ಟ ಕೈಲೇ ಬಾವುಟ ಹಾರಿಸಿದ್ರೆ ಮಕ್ಕಳಿಗೆ ನಾನೇನ್ ಹೇಳ್ಲಿ?"

"ಹಂಗಾದ್ರೆ ಅಗ್ಗ ಯಾರ್ಗೆ ಸಾ?" ಪುಟ್ಟಬಸವಯ್ಯನ ದನಿ ಗಿರಣಿಯ ಬೆಲ್ಟು ಕಳಚಿದಂತಿತ್ತು.

ಧನುಶ್ರೀ ಇನ್ನೊಂದು ಹಾಳೆ ತಿರುವಿದಳು. "ಎರಡನೇ ಆರೋಪಿ ಒಬ್ಬರಿದ್ದಾರೆ. ಹುಲ್ಲಹಳ್ಳಿಯ ಮಾರಯ್ಯ. ಅವರ ಕಡೆಯವರು ಯಾರಾದ್ರೂ ಊರಲ್ಲಿದ್ದಾರಾ?"

ಚಿಕ್ಕಮಾದುವಿನ ನಗು ಮೊದಲ ಸಲ ನಿಂತಿತು. "ನಮ್ ತಾತ ಕಣವ್ವಾ," ಎಂದ. "ಸೌದೆಗೆ ಓಗಿ ಸಿಕ್ಕಾಕಂಡ ಅಂತ ನಮ್ಮಜ್ಜಿ ಯೋಳ್ತಿದ್ಲು."

ಸಭೆ ಐದೇ ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದ ಚಿಕ್ಕಮಾದು, ಹಿಟ್ಟಿನ ಹೆಗಲ ಮೇಲೆ ಕೈಯಿಟ್ಟು ಸಂಕೋಚದಿಂದ ಹೇಳಿದ.

"ಪುಟ್ಬಸಯ್ಯ, ನನಗೆ ಅಗ್ಗ ಎಳ್ದು ಅಭ್ಯಾಸಿಲ್ಲ ಕಣಪ್ಪ. ಬೆಳಿಗ್ಗೆ ಒಸಿ ಬಿರ್ನೆ ಬಂದು ಯೋಳ್ಕೊಟ್ಬುಡು."