ನನ್ನ ನಿಷ್ಪಕ್ಷಪಾತದ ಹಸಿರು ಗುಂಡಿ

ಮೂರು ವರ್ಷ ನಮ್ಮ ಮನೆಯಲ್ಲಿ ನ್ಯಾಯದ ಆಡಳಿತವಿತ್ತು. ಅದು ಹೇಗೆ ಕುಸಿದು ಬಿತ್ತು ಎಂದು ಹೇಳಿಕೊಂಡರೆ ಮನೆಯಲ್ಲಿ ಯಾರೂ ಕಿವಿ ಕೊಡುವುದಿಲ್ಲ. ಆದ್ದರಿಂದ ನಿಮ್ಮ ಮುಂದೆ ತೋಡಿಕೊಳ್ಳುತ್ತಿದ್ದೇನೆ.

ಕಚೇರಿಯಲ್ಲಿ ಯಾರದೇ ಸ್ಪ್ರೆಡ್‌ಶೀಟ್ ಕೈಕೊಟ್ಟರೂ ಅವರು ಓಡಿ ಬರುವುದು ನನ್ನ ಮೇಜಿಗೆ. (ಬಂದ ಮೇಲೆ ಸರಿಹೋಗುತ್ತದೆಯೇ ಎಂಬುದು ಬೇರೆ ವಿಷಯ.) ಆ ಪಾಂಡಿತ್ಯವನ್ನೆಲ್ಲ ಧಾರೆಯೆರೆದು ಮನೆಯ ಕಂಪ್ಯೂಟರಿನಲ್ಲಿ ಒಂದು ಫೈಲ್ ಮಾಡಿಟ್ಟಿದ್ದೆ. ಎಡಕ್ಕೆ ಭಾನುವಾರದ ಕೆಲಸಗಳು: ಪಾತ್ರೆ, ಬಚ್ಚಲು, ಫ್ಯಾನು, ಅಟ್ಟ, ಗಿಡಕ್ಕೆ ನೀರು. ಬಲಕ್ಕೆ ಹೆಸರು. ಮೇಲೊಂದು ಹಸಿರು ಗುಂಡಿ. ಪ್ರತಿ ಶನಿವಾರ ಹೆಂಡತಿ, ಮಗಳು, ನಮ್ಮಲ್ಲೇ ಇರುವ ಭಾವಮೈದ, ಮೂವರನ್ನೂ ಸಾಲಾಗಿ ಕೂರಿಸಿ, "ಯಂತ್ರಕ್ಕೆ ಬಂಧುಗಳಿಲ್ಲ" ಎಂದು ಘೋಷಿಸಿ ಗುಂಡಿ ಒತ್ತುತ್ತಿದ್ದೆ. ಚೀಟಿ ಎತ್ತಿದ ಹಾಗೆ ಹೆಸರುಗಳು ಬೀಳುತ್ತಿದ್ದವು. ನನ್ನ ಪಾಲಿಗೆ ವಾರವಾರವೂ ಗಿಡಕ್ಕೆ ನೀರು. (ನಮ್ಮ ಮನೆಯಲ್ಲಿರುವುದು ಒಂದೇ ಗಿಡ. ಅದೂ ಬಾಟಲಿಯಲ್ಲಿ.)

ನಿಮ್ಮ ಹತ್ತಿರ ಮುಚ್ಚುಮರೆ ಏನು? ಚೀಟಿ ಎತ್ತುವ ಸೂತ್ರ ಪ್ರಾಮಾಣಿಕವಾಗಿಯೇ ಇತ್ತು; ಹಾಳೆಯಲ್ಲಿ ಏನು ಬದಲಿಸಿದರೂ ತಾನೇ ಹೊಸದಾಗಿ ಹೆಸರು ಎತ್ತುತ್ತಿತ್ತು. ಆದರೆ ಗುಂಡಿಯ ಹಿಂದೆ ಮ್ಯಾಕ್ರೋ ಎಂಬ ಗುಪ್ತ ಆಜ್ಞೆಯೊಂದನ್ನು ಬರೆದಿಟ್ಟಿದ್ದೆ: ನನ್ನ ಹೆಸರು ಎಲ್ಲೇ ಬಿದ್ದಿರಲಿ, ಎತ್ತಿ ಗಿಡದ ಪಕ್ಕ ಕೂರಿಸು, ಖಾಲಿಯಾದ ಜಾಗಕ್ಕೆ ಭಾವಮೈದನನ್ನು ತಳ್ಳು.

ಇಷ್ಟಕ್ಕೆ ಸುಮ್ಮನಿದ್ದರೆ ಇವತ್ತು ಸೊಂಟ ಹಿಡಿದುಕೊಂಡು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನನ್ನ ನ್ಯಾಯ ಎಲ್ಲರ ಫೋನಿನಲ್ಲೂ ಬೆಳಗಬೇಕೆಂಬ ಚಪಲ ಹತ್ತಿತು. ಫೈಲನ್ನು ಇಂಟರ್‌ನೆಟ್ಟಿಗೆ ಏರಿಸಿ, ಎಲ್ಲರನ್ನೂ ಕರೆದೆ.

"ಇನ್ಮೇಲೆ ಈ ಡಬ್ಬದ ಮುಂದೆ ಕೂರೋ ಅಗತ್ಯ ಇಲ್ಲ. ಬ್ರೌಸರಲ್ಲೇ ತೆರೆಯುತ್ತೆ. ಎಲ್ಲಿದ್ರೂ ನೋಡ್ಕೊಬಹುದು."

"ಅಪ್ಪ, ಮೇಲೆ ಹಳದಿ ಪಟ್ಟಿ ಬಂದಿದೆ," ಎಂದಳು ಮಗಳು. "ಇದರಲ್ಲಿ ಮ್ಯಾಕ್ರೋ ಇದೆ, ಬ್ರೌಸರಲ್ಲಿ ಅದು ನಡೆಯ..."

"ಹೊಸಬರನ್ನ ಹೆದರಿಸೋಕೆ ಹಾಕಿರ್ತಾರೆ ಕಣಮ್ಮ. ಮುಚ್ಚು ಅದನ್ನ."

ಗುಂಡಿ ಒತ್ತಿದೆ. ಅದು ಮಿಸುಕಲಿಲ್ಲ. ಗುದ್ದಿದೆ. ಊಹೂಂ. ಅಷ್ಟರಲ್ಲಿ ಮಗಳು ಮೇಲಿದ್ದ ದಿನಾಂಕ ಬದಲಿಸಿದಳು. ಹೆಸರುಗಳೆಲ್ಲ ಕುರ್ಚಿ ಆಟದಲ್ಲಿದ್ದಂತೆ ದಡಬಡ ಎದ್ದು ಹೊಸ ಜಾಗಗಳಲ್ಲಿ ಕೂತವು.

"ಪಾತ್ರೆ, ಅಮ್ಮ. ಬಚ್ಚಲು, ಅಪ್ಪ. ಫ್ಯಾನು, ಅಪ್ಪ. ಅಟ್ಟ... ಅಯ್ಯೋ, ಅದೂ ಅಪ್ಪ! ಗಿಡ, ಮಾವ."

ಸೋಫಾದ ಮೇಲೆ ಮಲಗಿದ್ದ ಭಾವಮೈದ ಎದ್ದು ಕೂತ. "ಭಾವ, ಗಿಡಕ್ಕೆ ನೀರು ಎಷ್ಟು ಚಮಚ ಹಾಕ್ತೀರಿ?"

"ಇದು ಅಸಿಂಧು! ಗುಂಡಿ ಕೆಲಸವೇ ಮಾಡಿಲ್ಲ!"

"ಹೆಸರು ಬಂತಲ್ಲ ರೀ," ಎಂದಳು ಹೆಂಡತಿ, ತಣ್ಣಗೆ. "ಹಂಗಾದ್ರೆ ಗುಂಡಿ ಇಷ್ಟು ದಿನ ಏನು ಮಾಡ್ತಿತ್ತು?"

ಒಂದು ಕಡೆ ಮೂರು ವರ್ಷದ ಮಾನ, ಇನ್ನೊಂದು ಕಡೆ ಐವತ್ತೆರಡು ವರ್ಷದ ಬೆನ್ನು. ಬೆನ್ನನ್ನು ಬಿಟ್ಟುಕೊಟ್ಟೆ.

"ಏನಿಲ್ಲ. ಅಲಂಕಾರಕ್ಕೆ ಇಟ್ಟಿದ್ದೆ."

ಭಾನುವಾರ ಕಾರ್ಯಾರಂಭವಾಯಿತು. ಅಟ್ಟದ ಧೂಳನ್ನು ಅಟ್ಟದಿಂದ ಓಡಿಸುವುದರಲ್ಲಿ ನಾನು ಸಂಪೂರ್ಣ ಯಶಸ್ವಿಯಾದೆ. ಅದು ಆಗ ತಾನೇ ಹಾಸಿದ ಹಾಸಿಗೆಗಳ ಮೇಲೆ ಬಂದು ನೆಲೆಸಿತು. ಫ್ಯಾನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇಗ ಒಣಗಲಿ ಎಂದು ಸ್ವಿಚ್ ಹಾಕಿದೆ. ನಾಲ್ಕೂ ಗೋಡೆಗಳ ಮೇಲೆ ಕೆಸರಿನ ಚುಕ್ಕಿ. ಬಚ್ಚಲಿಗೆ ಎಷ್ಟು ಸೋಪಿನ ಪುಡಿ ಸುರಿಯಬೇಕೆಂದು ಡಬ್ಬಿಯ ಮೇಲೆ ಬರೆದಿತ್ತಂತೆ. ನಾನು ಡಬ್ಬಿ ಖಾಲಿಯಾಗುವವರೆಗೆ ಸುರಿದೆ. ನೊರೆ ಹೊಸ್ತಿಲು ದಾಟಿ ಹಾಲಿಗೆ ಬಂದು, ಸೋಫಾದ ಕಾಲು ಹಿಡಿಯಿತು.

ಮೂವರೂ ಸೆರಗು ಸಿಕ್ಕಿಸಿ, ಪ್ಯಾಂಟು ಮಡಚಿ, ಸಂಜೆಯವರೆಗೆ ನನ್ನ ಸ್ವಚ್ಛತೆಯನ್ನು ತೊಳೆದರು.

ದೀಪ ಹಾಕುವ ಹೊತ್ತಿಗೆ ಹೆಂಡತಿ ನನ್ನ ರಟ್ಟೆ ಹಿಡಿದು ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿದಳು.

"ಮುಂದಿನ ವಾರಕ್ಕೆ ಫೈಲ್ ಇದರಲ್ಲೇ ತೆರೀರಿ. ಬ್ರೌಸರೂ ಬೇಡ, ಏನೂ ಬೇಡ. ನಿಮ್ಮ ಆ ಮೋಸದ ಗುಂಡಿನೇ ಒತ್ತಿ."

"ಮೋ... ಮೋಸ?"

"ಮೂರು ವರ್ಷ ಒಬ್ಬರಿಗೇ ಗಿಡ ಬೀಳುತ್ತೇನ್ರೀ? ಮೊದಲನೇ ತಿಂಗಳೇ ಗೊತ್ತಾಯ್ತು."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಮತ್ತೇನು, ಹಿಡಿದು ಕೊಟ್ಟು ನಿಮ್ಮ ಕೈಲಿ ಕೆಲಸ ಮಾಡಿಸ್ಕೋಬೇಕಿತ್ತಾ?"

"ನನ್ನನ್ನೇ ತಳ್ಳಿ ಭಾವ, ಬೇಜಾರಿಲ್ಲ," ಎಂದ ಭಾವಮೈದ, ನೆಲದ ಮೇಲೆ ಅಂಗಾತ ಬಿದ್ದುಕೊಂಡೇ. "ಬಚ್ಚಲು ಒಂದು ತೊಳೆಯೋದು ಸುಲಭ. ಇವತ್ತು ಮನೇನೇ ತೊಳೆದ್ವಿ."

ಫೈಲ್ ತೆರೆದೆ. ಜನ್ಮದಲ್ಲಿ ಬುದ್ಧಿ ಖರ್ಚು ಮಾಡಿ ಎಸಗಿದ ಒಂದೇ ಒಂದು ವಂಚನೆ. ಅದನ್ನು ಸರಿಯಾಗಿ ಒತ್ತುತ್ತೇನೋ ಇಲ್ಲವೋ ಎಂದು ಮೂವರೂ ಸುತ್ತ ನಿಂತು ಕಾವಲು ಕಾದರು.